ಮಾಲೀಕರ ಹಾಲುಬಾಯಿ

ಮೊಣಕೈವರೆಗೂ ಗೋಧಿ ಹಾಲು ಒಣಗಿ, ಕೈಮೇಲಿನ ಕೂದಲೆಲ್ಲ ಬೆಳ್ಳಗೆ ಸೆಟೆದು ನಿಂತಿರುತ್ತಿದ್ದವು. ಅದೇ ಕೈಯಲ್ಲಿ ನಮ್ಮ ಮಾಲೀಕರು ಬಾಗಿಲು ತೆರೆದು, "ಬರ್ರಿ ಟೀಚರ್, ರುಚಿ ನೋಡ್ರಿ" ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ವಿದ್ಯಾನಗರದಲ್ಲಿ ಅವರ ಮಹಡಿಯ ಕೋಣೆಗೆ ನಾನು ಬಾಡಿಗೆಗಿದ್ದೆ. ಈ ಹಾಲುಬಾಯಿ ಶುರುವಾಗುವ ಮುಂಚೆ ಇದೇ ಮಾಲೀಕರು ಬೇರೆಯೇ ಆಗಿದ್ದರು. ಮೇಲೆ ನಲ್ಲಿ ಸ್ವಲ್ಪ ಹೆಚ್ಚು ಹರಿದರೆ ಕೆಳಗಿನಿಂದ ಕೆಮ್ಮುವವರು, ಒಂದು ಲೋಟ ನೀರನ್ನೂ ತಾವಾಗಿ ಬಗ್ಗಿಸಿಕೊಂಡು ಕುಡಿಯದವರು.

ಅವರ ಹೆಂಡತಿ ಹಾಸಿಗೆ ಹಿಡಿದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟರು. ಏನು ಕೊಟ್ಟರೂ ಬ್ಯಾಡ ಎನ್ನುತ್ತಿದ್ದ ಆಕೆ ಒಂದು ದಿನ, ಹರಿಹರದಲ್ಲಿ ತನ್ನ ತಾಯಿ ಮಾಡುತ್ತಿದ್ದ ಗೋಧಿ ಹಾಲುಬಾಯಿ ತಿನ್ನಬೇಕು ಎಂದರು. ಆ ತಾಯಿ ಹೋಗಿ ಎಷ್ಟೋ ವರ್ಷವಾಗಿತ್ತು. ಮಾಲೀಕರು ಪಂಚೆ ಎತ್ತಿ ಕಟ್ಟಿದರು.

ಹಾಲುಬಾಯಿ ಸುಲಭಕ್ಕೆ ಒಲಿಯುವ ತಿಂಡಿಯಲ್ಲ. ಗೋಧಿಯನ್ನು ದಿನಗಟ್ಟಲೆ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯಬೇಕು. ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿಟ್ಟು, ತಳ ಬಿಡುವವರೆಗೂ ಕೈ ಬಿಡದೆ ತಿರುವಬೇಕು. ಮೊದಲ ಸಲ ಗಂಟುಗಂಟಾಯಿತು, ಆಮೇಲೆ ಸೀದಿತು. ಕೊನೆಗೊಮ್ಮೆ ತಟ್ಟೆಯ ತುಂಬ ಹೊಳೆಯುತ್ತ ಕೂತಿತು. ಆಕೆ ಚಮಚದ ತುದಿಯಷ್ಟು ಬಾಯಿಗಿಟ್ಟುಕೊಂಡು, "ಅವ್ವ ಮಾಡಿದಂಗಿಲ್ಲ ರೀ. ಅಲ್ಲಿ ಹೊಳೆ ನೀರು ಹಾಕ್ತಿದ್ರು" ಎಂದರು.

ಮರುದಿನವೇ ಮಾಲೀಕರು ಬಸ್ಸು ಹತ್ತಿ ಹೋಗಿ, ಎಣ್ಣೆ ಕ್ಯಾನಿನಲ್ಲಿ ತುಂಗಭದ್ರೆಯನ್ನು ಹೊತ್ತು ತಂದರು! ಇನ್ನೊಮ್ಮೆ ಅತ್ತೆಮನೆಯ ಓಣಿಯ ಮುದುಕಿಯರನ್ನೆಲ್ಲ ವಿಚಾರಿಸಿ ಬಂದರು. ಒಬ್ಬಾಕೆ ಏಲಕ್ಕಿ ಅಂದರೆ ಇನ್ನೊಬ್ಬಾಕೆ ಜಾಜಿಕಾಯಿ ಅಂದಳಂತೆ. "ಅವಸರ ಮಾಡಿದ್ರೆ ಗೋಧಿ ಹಾಲು ಬಿಡಂಗಿಲ್ರೀ" ಎಂದು ನನಗೇ ಪಾಠ ಹೇಳುವಷ್ಟು ಪಳಗಿದರು. ಆದರೂ ಒಳಗಿನಿಂದ ಅದೇ ಮಾತು, ಅವ್ವ ಮಾಡಿದಂಗಿಲ್ಲ. ನನಗೆ ಆಕೆಯ ಮೇಲೆ ಸಿಟ್ಟೇ ಬರುತ್ತಿತ್ತು.

ಒಂದು ಮಧ್ಯಾಹ್ನ ಮಾಲೀಕರು ಬೆಲ್ಲ ತರಲು ಹೋಗಿದ್ದಾಗ ಕೇಳಿಯೇಬಿಟ್ಟೆ. "ಒಂದು ಸಲ ಚೆನ್ನಾಗಿದೆ ಅನ್ನಬಾರದೇನಮ್ಮಾ?"

ಆಕೆ ನಕ್ಕರು. "ನಂಗೀಗ ಬೇವು ಬೆಲ್ಲ ಎರಡೂ ಒಂದೇ ನೋಡಮ್ಮ. ನಾಲ್ಗೆ ಸತ್ತು ಎಷ್ಟೋ ದಿನ ಆತು. ಚಲೋ ಐತೆ ಅಂದ್ರೆ ಅಲ್ಲಿಗೆ ಮುಗೀತಲ್ಲ? ಸುಮ್ನೆ ಕುಂತ್ರೆ ನನ್ ಮುಖ ನೋಡ್ಕಂತ ಅಳ್ತಾರೆ. ಒಲೆ ಮುಂದೆ ನಿಂತ್ರೆ ಅಷ್ಟೊತ್ತಾದ್ರೂ ಮರೀತಾರೆ." ಆಮೇಲೆ ನನ್ನ ಕೈ ಹಿಡಿದು, "ಅವ್ರಿಗೆ ಹೇಳ್ಬ್ಯಾಡ" ಎಂದರು. ಆಗಲಿ ಎಂದೆ.

ಇನ್ನೊಂದು ಹಾಲುಬಾಯಿ ಒಲೆಯ ಮೇಲಿರುವಾಗಲೇ ಆಕೆ ಹೋಗಿಬಿಟ್ಟರು. ಮಾಲೀಕರು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಬಂದು, ಯಾರನ್ನು ಕರೆಯಬೇಕೆಂದು ತೋಚದೆ ನಿಂತಿದ್ದರು.

ಆಕೆಯ ಹೆಸರಿನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ಅವರು ಮಹಡಿ ಹತ್ತಿ ನನ್ನ ಕೋಣೆಗೆ ಬಂದರು. "ನಿಮ್ ಹತ್ರ ಏನಾರ ಅಂದಿದ್ಲೇನ್ರೀ? ಅದ್ರಾಗೆ ಏನ್ ಕಡಿಮೆ ಇತ್ತಂತೆ?"

ಹೇಳಿಬಿಡೋಣ ಅನ್ನಿಸಿತು. ಹೇಳಿದರೆ, ಇದ್ದ ನಾಲ್ಕು ದಿನವೂ ಹೆಂಡತಿ ಬೇಕೆಂದೇ ತನ್ನನ್ನು ದೂರ, ಒಲೆಯ ಮುಂದೆ ನಿಲ್ಲಿಸಿದ್ದಳೆಂದು ಆ ಜೀವಕ್ಕೆ ತಿಳಿಯುತ್ತದೆ.

"ಏನೂ ಕಡಿಮೆ ಇರಲಿಲ್ಲ ಸಾರ್" ಎಂದೆ. ಅದು ನಿಜವೇ ಆಗಿತ್ತು.

"ಸಮಾಧಾನಕ್ಕೆ ಹೇಳ್ಬ್ಯಾಡ್ರಿ" ಎಂದು ಅವರು ಎದ್ದರು. "ಬೆಲ್ಲದ್ದೇ ತಪ್ಪಿರ್ಬೇಕು."

ಸ್ವಲ್ಪ ಹೊತ್ತಿಗೆ ಕೆಳಗೆ ಗೋಧಿ ತೊಳೆಯುವ ಸದ್ದು ಕೇಳಿತು. ಬೇಡವೆನ್ನಲು ಅರ್ಧ ಮೆಟ್ಟಿಲು ಇಳಿದೆ. ಅಷ್ಟೊತ್ತಾದ್ರೂ ಮರೀತಾರೆ ಎಂಬ ಆಕೆಯ ಮಾತು ನೆನಪಾಗಿ ಅಲ್ಲೇ ಕೂತುಬಿಟ್ಟೆ.