ಕರಡಿಯ ಸ್ನಾನಕ್ಕೆ ಅತ್ತೆಯ ನೊರೆ

ದಪ್. ಒಂದು ಉಸಿರಿನಷ್ಟು ಬಿಡುವು. ಮತ್ತೆ ದಪ್. ಒದ್ದೆ ಚಾದರ ಕಲ್ಲಿಗೆ ಬೀಳುವ ಈ ಸದ್ದು ಕೇಳಿಸಿತೆಂದರೆ ಕೆಳಗಿನ ಲಾಂಡ್ರಿಯಲ್ಲಿ ಅತ್ತೆ ಎದ್ದಿದ್ದಾಳೆ ಎಂದು ಅರ್ಥ. ಮೇಲಿನ ಕೋಣೆಯಲ್ಲಿರುವವರು ಇನ್ನು ಮಲಗುವಂತಿಲ್ಲ ಎಂದೂ ಅರ್ಥ. ನನ್ನ ದೊಡ್ಡಮ್ಮ ಚಿಕ್ಕಂದಿನಿಂದ ಕಣ್ಣು ಬಿಟ್ಟದ್ದು ಈ ಸದ್ದಿಗೇ. ಅತ್ತೆ ಎಂದರೆ ದೊಡ್ಡಮ್ಮನ ಅಪ್ಪನ ಅಕ್ಕ. ಲಾಂಡ್ರಿ ಅವಳದು, ಕಲ್ಲು ಅವಳದು, ಮನೆಯಲ್ಲಿ ಕೊನೆಯ ಮಾತೂ ಅವಳದೇ.

ಸಾಬೂನಿನ ವಿಷಯದಲ್ಲಂತೂ ಅವಳ ಎದುರು ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಅವಳ ಅಜ್ಜಿಯ ಕಾಲಕ್ಕೆ ಬೂದಿಯೇ ಸಾಬೂನು. ಒಲೆಯ ಬೂದಿಯನ್ನು ತೂತಿನ ಮಡಕೆಗೆ ತುಂಬಿ ಮೇಲಿಂದ ನೀರು ಹೊಯ್ದರೆ ತಳದಿಂದ ಕೈ ಉರಿಸುವ ನೀರು ತೊಟ್ಟಿಕ್ಕುತ್ತಿತ್ತು. ಅದಕ್ಕೆ ಕೊಬ್ಬು ಸೇರಿಸಿ ಕುದಿಸಿದರೆ ಮೆತ್ತನೆಯ ಕಂದು ಮುದ್ದೆ. ರೇಷ್ಮೆಗೆ, ಉಣ್ಣೆಗೆ ಅಂಟುವಾಳದ ಕಾಯಿ. ಆಮೇಲೆ ಅಂಗಡಿಗೆ ಮೊಳದುದ್ದದ ಬಾರ್ ಸೋಪು ಬಂತು. ತಂತಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಅಜ್ಜಿ ಅದನ್ನು ಮೂಸಿ ನೋಡಿ, "ಇದರಲ್ಲಿ ಒಗೆದ ಬಟ್ಟೆ ಹಾಕಿಕೊಂಡವರಿಗೆ ನಾಚಿಕೆ ಆಗಲ್ವಾ?" ಎಂದಿದ್ದಳಂತೆ. ಅದೇ ಬಾರ್ ಸೋಪನ್ನು ಅತ್ತೆ ತಲೆಯ ಮೇಲೆ ಹೊತ್ತು ಮೆರೆಸಿದಳು. ಈಗ ಪೊಟ್ಟಣದಲ್ಲಿ ಪುಡಿ ಬಂದಿತ್ತು. ಮೂಸುವ ಸರದಿ ಅತ್ತೆಯದು.

"ಪುಡಿಯಂತೆ ಪುಡಿ! ಬಟ್ಟೆ ಒಗೆಯೋಕೋ, ನಶ್ಯ ಏರಿಸೋಕೋ?"

ಹೀಗಿರುವಾಗ ದೊಡ್ಡಮ್ಮನಿಗೆ ಬೀದಿಯ ಆ ತುದಿಯಲ್ಲಿ ಕೆಲಸ ಸಿಕ್ಕಿತು. ಛಾಪಖಾನೆಯ ಮೇಲಿನ ಮಹಡಿಯಲ್ಲಿ ಕಾರ್ಟೂನ್ ಸಿನಿಮಾ ಮಾಡುವ ಸ್ಟುಡಿಯೋ ಇತ್ತು. ಅಲ್ಲಿ ಗಾಜಿನಂಥ ತೆಳು ಹಾಳೆಗಳ ಮೇಲೆ ಚಿತ್ರ ಬರೆದು ಬಣ್ಣ ತುಂಬುತ್ತಿದ್ದರು. ಒಂದು ಹಾಳೆಗೂ ಇನ್ನೊಂದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಒಂದೊಂದಾಗಿ ಕ್ಯಾಮೆರಾದ ಕೆಳಗೆ ಇಟ್ಟು ಫೋಟೊ ತೆಗೆದ ಮೇಲೆ ಆ ಹಾಳೆಯ ಕೆಲಸ ಮುಗಿಯಿತು. ಹಾಳೆ ದುಬಾರಿ. ಹಾಗಾಗಿ ಬಣ್ಣ ತೊಳೆದು, ಒರೆಸಿ, ಮತ್ತೆ ಬರೆಯಲು ಕೊಡಬೇಕು. ಗೀರು ಬೀಳದ ಹಾಗೆ ತೊಳೆಯುವ ಮೆತ್ತನೆ ಕೈ ಬೇಕಿತ್ತು ಅವರಿಗೆ.

"ಬಟ್ಟೆ ಒಗೆಯೋದು ಬಿಟ್ಟು ಬೊಂಬೆ ಒಗೆಯೋಕೆ ಹೊರಟಳು ಮಹಾರಾಯ್ತಿ," ಎಂದಳು ಅತ್ತೆ. "ಹೋಗು, ಹೋಗು. ನಿನ್ನ ಕಲ್ಲು ಯಾರಿಗೂ ಕೊಡಲ್ಲ, ಖಾಲಿ ಇಟ್ಟಿರ್ತೀನಿ. ನಾಲ್ಕು ದಿನಕ್ಕೆ ಬಂದು ನಿಲ್ತೀಯ."

ದೊಡ್ಡಮ್ಮನಿಗೆ ಆ ಖಾಲಿ ಕಲ್ಲಿನದೇ ಭಯ. ಕೆಲಸ ಕಷ್ಟವೆಂದಲ್ಲ. ಆ ಕಲ್ಲಿನ ಮೇಲೆ ನೋಡುವುದಕ್ಕೆ ಏನೂ ಇರಲಿಲ್ಲ, ಕಂಡವರ ಅಂಗಿ ಬಿಟ್ಟರೆ. ಇಲ್ಲಿಯಾದರೆ ಹಾಳೆಗಳ ಕಟ್ಟನ್ನು ಕೈಯಲ್ಲಿ ಹಿಡಿದು ಅಂಚನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟರೆ ಸಾಕು, ಒಳಗಿನ ಕರಡಿ ಕಾಲೆತ್ತುತ್ತಿತ್ತು. ಮೊದಲ ಸಲ ಹಾಗಾದಾಗ ಅವಳು ಬೆಚ್ಚಿ ಹಾಳೆಗಳನ್ನು ಮೇಜಿನ ಮೇಲೆ ಇಟ್ಟು, ಯಾರಾದರೂ ನೋಡಿದರೋ ಎಂದು ಸುತ್ತ ಕಣ್ಣಾಡಿಸಿದ್ದಳು. ಇಲ್ಲದ ಜೀವವೊಂದು ತನ್ನ ಅಂಗೈಯಲ್ಲಿ ಮಗ್ಗುಲು ಬದಲಾಯಿಸಿದಂತಿತ್ತು. ಆಮೇಲೆ ಅದೇ ಕರಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದುವಳು. ಮೊದಲು ಮೂಗು ಕರಗುತ್ತಿತ್ತು, ಆಮೇಲೆ ಹೊಟ್ಟೆ. ತೊಟ್ಟಿಯ ನೀರು ಕಂದಾಗಿ, ಹಾಳೆ ಬರಿದಾಗಿ, ಅದರಾಚೆ ಕಿಟಕಿ ಕಾಣುತ್ತಿತ್ತು.

ಆಗ ನಡೆಯುತ್ತಿದ್ದದ್ದು ಒಂದು ಜಾಹೀರಾತಿನ ಸಿನಿಮಾ. ಬಟ್ಟೆ ಒಗೆಯುವ ಪುಡಿಯ ಕಂಪನಿಯವರು ಮಾಡಿಸುತ್ತಿದ್ದರು. ಸ್ನಾನ ಎಂದರೆ ಓಡಿಹೋಗುವ ಕರಡಿಯೊಂದು ಕೆಸರಲ್ಲಿ ಹೊರಳಾಡಿ ಕಂದುಬಣ್ಣಕ್ಕೆ ತಿರುಗಿದೆ. ಕೊನೆಗೆ ಯಾರೋ ಅದನ್ನು ತೊಟ್ಟಿಗೆ ತಳ್ಳುತ್ತಾರೆ. ಎದ್ದು ಬಂದಾಗ ನೋಡಿದರೆ ಅದು ಹಿಮದ ಕರಡಿ, ಬೆಳ್ಳಗೆ! ಕರಡಿಗೇ ತನ್ನ ಗುರುತು ಸಿಗುವುದಿಲ್ಲ.

ಸ್ಟುಡಿಯೋದಲ್ಲಿ ಒಂದು ಪದ್ಧತಿ ಇತ್ತು. ಫೋಟೊ ತೆಗೆದಾದ ಹಾಳೆಯ ಮೂಲೆಗೆ ಕ್ಯಾಮೆರಾದವರು ಸೋಪಿನಲ್ಲಿ ಅದ್ದಿದ ಹೆಬ್ಬೆರಳು ಒತ್ತುತ್ತಿದ್ದರು. ಆ ಮಂಜು ಗುರುತು ಇದ್ದರೆ ತೊಳೆಯಬಹುದು, ಇಲ್ಲದಿದ್ದರೆ ಮುಟ್ಟುವಂತಿಲ್ಲ. ಆ ದಿನ ಮೇಜಿನ ಮೇಲಿದ್ದ ಕಟ್ಟಿನ ಪ್ರತಿಯೊಂದು ಹಾಳೆಗೂ ಗುರುತು ಇತ್ತು. ದೊಡ್ಡಮ್ಮ ಹಾಡು ಗುನುಗುತ್ತ ಎಲ್ಲವನ್ನೂ ತೊಳೆದು ಒಣಗಲು ನಿಲ್ಲಿಸಿದಳು.

ಮಧ್ಯಾಹ್ನ ಕ್ಯಾಮೆರಾದವರು ಬಂದು ಬರಿದಾದ ಹಾಳೆಗಳನ್ನು ನೋಡಿದರು.

"ಇಲ್ಲಿ ತೊಟ್ಟಿಯಲ್ಲಿ ಕೂತಿದ್ದ ಕರಡಿ ಎಲ್ಲಮ್ಮ?"

"ಚರಂಡೀಲಿ, ಅಣ್ಣ. ಗುರುತು ಇತ್ತಲ್ಲ?"

"ನಾನು ಇನ್ನೂ ಫೋಟೊನೇ ತೆಗೆದಿಲ್ಲವಲ್ಲಮ್ಮ!"

ಗುರುತು ಯಾರದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ಟುಡಿಯೋದ ಯಜಮಾನರಿಗೆ ಮೈಲಿಗೆಯ ಕೈಯಲ್ಲಿ ಏನನ್ನೂ ಮುಟ್ಟದ ಶುಚಿಯ ಹುಚ್ಚು. ಬೆಳಿಗ್ಗೆ ಕೈಗೆ ಚೆನ್ನಾಗಿ ಸೋಪು ಹಚ್ಚಿ, ಅರ್ಧಂಬರ್ಧ ತೊಳೆದು, ಆ ಹಾಳೆಗಳನ್ನು ಒಂದೊಂದಾಗಿ ಎತ್ತಿ ಮೆಚ್ಚಿಕೊಂಡು ಹೋಗಿದ್ದರು. ಆದರೆ ಯಜಮಾನರ ಹೆಬ್ಬೆರಳನ್ನು ದೂರುವವರು ಯಾರು?

"ನಾಡಿದ್ದು ಕಂಪನಿಯವರು ನೋಡೋಕೆ ಬರ್ತಾರೆ," ಎಂದರು ಯಜಮಾನರು, ಮತ್ತೊಮ್ಮೆ ಕೈ ತೊಳೆದುಕೊಳ್ಳುತ್ತ. "ಅಷ್ಟೂ ಮತ್ತೆ ಬರೆಯೋಕೆ ಆಗೋ ಮಾತಲ್ಲ. ಸ್ನಾನವೇ ಇಲ್ಲದೆ ಕರಡಿ ಬೆಳ್ಳಗಾದ್ರೆ ಅವರ ಪುಡಿ ಯಾರು ತಗೋತಾರೆ? ಏನಾದ್ರೂ ದಾರಿ ಆಗದೆ ಇದ್ರೆ, ನೀನು ಲಾಂಡ್ರಿಗೇ ಹೋಗಬೇಕಾಗತ್ತಮ್ಮ. ಬೇಜಾರು ಮಾಡ್ಕೋಬೇಡ."

ದೊಡ್ಡಮ್ಮ ಅಳಲಿಲ್ಲ. ತೊಟ್ಟಿಯ ಮುಂದೆ ನಿಂತು ಉಳಿದಿದ್ದನ್ನು ಲೆಕ್ಕ ಹಾಕಿದಳು. ತೊಟ್ಟಿಗೆ ಬಿದ್ದ ಕಂದು ಕರಡಿಯ ಒಂದು ಹಾಳೆ ಇದೆ. ಎದ್ದು ನಿಂತ ಬಿಳಿ ಕರಡಿಯದೂ ಇದೆ. ನಡುವಿನದಷ್ಟೇ ಇಲ್ಲ.

"ಅಣ್ಣ, ನಡುವೆ ಬರೀ ನೊರೆ ಇದ್ದರೆ? ನಿಜವಾದ ನೊರೆ. ಕಂದು ಕರಡಿ ಮೇಲೆ ಗಾಜಿಟ್ಟು, ಗಾಜಿನ ಮೇಲೆ ಚೂರು ಚೂರೇ ನೊರೆ ಹಾಕ್ತಾ ಹೋಗೋದು. ಪೂರ್ತಿ ಮುಚ್ಚಿದ ಮೇಲೆ ಕೆಳಗಿನ ಹಾಳೆ ಬದಲಾಯಿಸಿ, ಚೂರು ಚೂರೇ ತೆಗೀತಾ ಬರೋದು."

ಕ್ಯಾಮೆರಾದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಪುಡಿ ತಾ," ಎಂದರು.

ಕಂಪನಿಯ ಪುಡಿಯನ್ನೇ ಕಲಕಿದರು. ನೊರೆ ಬುಸ್ಸೆಂದು ಎದ್ದಿತು. ದೀಪ ಹಾಕಿ, ಒಂದು ಫೋಟೊ ತೆಗೆದು, ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಆ ಬಿಸಿಗೆ ಪುಸ್ಸೆಂದು ಕೂತಿತು. ಮತ್ತೆ ಹಾಕಿದರು, ಮತ್ತೆ ಕೂತಿತು. ಸಾಯಂಕಾಲದವರೆಗೆ ಕರಡಿಯ ಕಿವಿಯೂ ಮುಚ್ಚಲಿಲ್ಲ.

ದೊಡ್ಡಮ್ಮ ಅತ್ತೆಯ ಮುಂದೆ ಹೋಗಿ ನಿಂತಳು.

"ಬಂದ್ಯಾ? ಕಲ್ಲು ಒರೆಸಿಟ್ಟಿದ್ದೀನಿ," ಎಂದಳು ಅತ್ತೆ.

"ಕಲ್ಲು ಬೇಡ ಅತ್ತೆ. ನೊರೆ ಬೇಕು. ಕೂರಬಾರದು, ಬಿಸಿಗೂ ಜಗ್ಗಬಾರದು."

"ನಿಮ್ಮ ಪುಡಿ ಏನಾಯ್ತು?"

"ಕೂತುಬಿಡ್ತು," ಎಂದಳು ದೊಡ್ಡಮ್ಮ. ಅತ್ತೆಗೆ ಆ ಮಾತಿಗಿಂತ ರುಚಿಯಾದದ್ದು ಬೇರೆ ಏನೂ ಇರಲಿಲ್ಲ. ನಿಧಾನವಾಗಿ ಅನುಭವಿಸಿದಳು.

"ಮಾಡಿಕೊಡ್ತೀನಿ. ಆದರೆ ನನ್ನ ನೊರೆ ಪರದೆ ಮೇಲೆ ಹೆಂಗೆ ಕಾಣತ್ತೆ ಅಂತ ನಾನೂ ನೋಡಬೇಕು. ಮುಂದಿನ ಸಾಲಲ್ಲಿ."

ಬೆಳಿಗ್ಗೆ ಅವಳೇ ಪಾತ್ರೆ ಹೊತ್ತು ಮಹಡಿ ಹತ್ತಿದಳು. ಅಂಟುವಾಳ ಕುದಿಸಿದ ನೀರಿಗೆ ಬಾರ್ ಸೋಪು ತುರಿದು ಹಾಕಿ, ತೋಳು ಸೋಲುವವರೆಗೆ ಕಡೆದಿದ್ದಳು. ಚಮಚ ನಿಲ್ಲಿಸಿದರೆ ನಿಲ್ಲುವಂಥ ನೊರೆ. ಗಾಜಿನ ಮೇಲೆ ಒಂದು ಚಿಟಿಕೆ, ಒಂದು ಫೋಟೊ. ಇನ್ನೊಂದು ಚಿಟಿಕೆ, ಇನ್ನೊಂದು ಫೋಟೊ. ದೀಪ ಉರಿಯುತ್ತಲೇ ಇತ್ತು, ನೊರೆ ಅಲ್ಲಾಡಲಿಲ್ಲ.

"ಮೂಗಿಗೆ ಬೇಡ ಕಣೇ, ಉಸಿರು ಕಟ್ಟತ್ತೆ ಪಾಪ," ಎಂದು ಅತ್ತೆ ಹಿಂದಿನಿಂದ ಕೂಗಿದಳು. ಕ್ಯಾಮೆರಾದವರು ನಕ್ಕು, ಮೂಗನ್ನು ಕೊನೆಗೆ ಉಳಿಸಿದರು.

ಕಂಪನಿಯವರು ಬಂದರು. ಕಿಟಕಿಯ ಪರದೆಗಳನ್ನು ಎಳೆದರು. ಕತ್ತಲಾದ ಕೋಣೆಯಲ್ಲಿ, ತಾನು ತೊಳೆದು ಚರಂಡಿಗೆ ಬಿಟ್ಟಿದ್ದ ಕರಡಿಗಳೆಲ್ಲ ಒಂದರ ಹಿಂದೊಂದು ಸೇರಿ ಒಂದೇ ಕರಡಿಯಾಗಿ ನಡೆದು ಬಂದದ್ದನ್ನು ದೊಡ್ಡಮ್ಮ ನೋಡಿದಳು. ಅದು ಕೆಸರಲ್ಲಿ ಹೊರಳಿತು, ಓಡಿತು, ತೊಟ್ಟಿಗೆ ಬಿತ್ತು. ನೊರೆ ತಾನಾಗಿ ಹುಟ್ಟಿ, ಹೊಟ್ಟೆಯ ಮೇಲೆ ಹತ್ತಿ, ಕಿವಿಗೆ ಟೋಪಿಯಾಗಿ, ಕೊನೆಗೆ ಮೂಗೊಂದೇ ಉಳಿಯಿತು. ಮೂಗೂ ಮುಳುಗಿದಾಗ ಅತ್ತೆ "ಅಯ್ಯೋ" ಎಂದಳು. ಬೆಳ್ಳನೆಯ ಮುಖ ನೊರೆಯಿಂದ ಹೊರಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ದೀಪ ಹಾಕಿದರು. ಕಂಪನಿಯವರು ಎದ್ದು ಯಜಮಾನರ ಕೈ ಕುಲುಕಿದರು.

"ಮುಂದಿನ ಸಿನಿಮಾನೂ ನಿಮ್ಮದೇ. ಈ ನೊರೆ ಕೆಲಸ ಮಾಡಿದವರು ಅದಕ್ಕೂ ಇರಲೇಬೇಕು, ಹೇಳಿಬಿಟ್ಟಿದ್ದೀನಿ."

"ಇರ್ತಾಳೆ, ಎಲ್ಲಿ ಹೋಗ್ತಾಳೆ," ಎಂದರು ಯಜಮಾನರು, ಲಾಂಡ್ರಿಯ ಮಾತನ್ನು ತಾವು ಆಡಿಯೇ ಇಲ್ಲವೆಂಬಂತೆ.

ದೊಡ್ಡಮ್ಮನ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಕಂಪನಿಯವರ ಮಾತು ಮುಗಿದಿರಲಿಲ್ಲ. "ನೋಡಿದಿರಾ ನಮ್ಮ ಪುಡಿಯ ತಾಕತ್ತು? ಆ ನೊರೆ ಎಲ್ಲಾದ್ರೂ ಕೂತಿತಾ?"

ಮುಂದಿನ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು. ಅತ್ತೆ ಎದ್ದು ನಿಂತಿದ್ದಳು, ಸೊಂಟಕ್ಕೆ ಕೈ ಕೊಟ್ಟು. "ಯಾರ ಪುಡಿ?"

ದೊಡ್ಡಮ್ಮ ಎರಡೇ ಹೆಜ್ಜೆಗೆ ಅವಳ ತೋಳು ಹಿಡಿದಳು. ಕ್ಯಾಮೆರಾದವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ನೀವೇನಾ ನೊರೆ ಮಾಡಿದ್ದು?" ಕಂಪನಿಯವರು ದೊಡ್ಡಮ್ಮನ ಕಡೆ ತಿರುಗಿದರು. "ಹೇಳಿ ಮತ್ತೆ, ನೀರಿಗೆ ಎಷ್ಟು ಪುಡಿ ಹಾಕಿದ್ರಿ?"

"ಹೇಳ್ತೀನಿ ಸಾರ್," ಎಂದಳು ದೊಡ್ಡಮ್ಮ. ಒಂದು ಕೈಯಲ್ಲಿ ಅತ್ತೆಯನ್ನು ಬಾಗಿಲ ಕಡೆ ತಳ್ಳುತ್ತ, ಇನ್ನೊಂದರಲ್ಲಿ ತೊಳೆಯಬೇಕಾದ ಹಾಳೆಗಳ ಕಟ್ಟನ್ನು ಎತ್ತಿಕೊಂಡಳು. "ಮೊದಲು ನಿಮ್ಮ ಪುಡೀನೇ ಹಾಕಿದ್ವಿ ಸಾರ್, ಅದೂ ಧಾರಾಳವಾಗಿ. ಚೆನ್ನಾಗಿ ಎದ್ದಿತು. ದೀಪ ಹಾಕಿದ ಮೇಲೆ ಏನಾಯ್ತು ಅಂದ್ರೆ," ಎನ್ನುತ್ತ ಅವಳು ಹೊಸ್ತಿಲು ದಾಟಿ, ಪಡಸಾಲೆಯ ತಿರುವಿನಲ್ಲಿ ನಡೆಯುತ್ತ, "ಅದು ಹೇಗಪ್ಪಾ ಅಂದ್ರೆ, ಸಾರ್, ಆ ನೊರೆ ಇದೆಯಲ್ಲ, ಅದು..." ಎಂದಳು. ಉಳಿದ ಮಾತು ತಿರುವಿನಾಚೆ ಅವಳ ಜೊತೆಗೇ ಹೋಯಿತು.