ಸೈಕಾಲ್ ಅಜ್ಜಿ ಹಾಕಿದ ಹಸಿರು ಟೋಪಿ

ಸೈಕಾಲ್ ಅಜ್ಜಿಗೆ ಚೆನ್ನಾಗಿ ಬರುತ್ತಿದ್ದುದು ಎರಡೇ ಕೆಲಸ: ಉಣ್ಣೆ ನೆನೆಸಿ ತುಳಿದು ಕಂಬಳಿ, ಟೋಪಿ ಮಾಡುವುದು, ಜನರನ್ನು ಬೈಯುವುದು. ಅರವತ್ತೆಂಟರ ಪ್ರಾಯದಲ್ಲೂ ಎರಡರಲ್ಲಿಯೂ ಅವಳನ್ನು ಸರಿಗಟ್ಟುವವರು ನಾರಿನ್ ನದಿಯ ದಂಡೆಯಲ್ಲೇ ಇರಲಿಲ್ಲ.

ಬೈಗುಳದ ಸಿಂಹಪಾಲು ಎಸೆನ್‌ಬೆಕ್‌ನದು. ಕುದುರೆ ಕಡಿವಾಣಗಳಿಗೆ ತಾಮ್ರದ ಲೇಪ ಕೊಡುವ ಅವನ ಕಾರ್ಖಾನೆಯ ಕೊಳೆನೀರೆಲ್ಲ ಊರ ಕಾಲುವೆಗೇ. ಹೋದ ವಸಂತದಲ್ಲಿ ಅದನ್ನು ಕುಡಿದು ಅಜ್ಜಿಯ ನಾಲ್ಕು ಕುರಿಮರಿಗಳು ಸತ್ತವು. ಈ ವರ್ಷ ಆರು ಮರಿಗಳಿದ್ದವು.

"ನೀರು ಕನ್ನಡಿ ಥರ ಇದೆ ಅಪಾ!" ಎನ್ನುತ್ತಿದ್ದ ಎಸೆನ್‌ಬೆಕ್. ಹಿರಿಯ ಹೆಂಗಸರನ್ನು ನಮ್ಮಲ್ಲಿ 'ಅಪಾ' ಎಂದೇ ಕರೆಯುವುದು.

"ಹಂಗಾದ್ರೆ ಅದ್ರಲ್ಲಿ ನಿನ್ನ ಮೂತಿ ನೋಡ್ಕೋ, ಹೋಗು!"

ಒಮ್ಮೆ ಅಜ್ಜಿ ಕಾಲುವೆಯಲ್ಲಿ ನೆನೆಹಾಕಿದ ಬಿಳಿ ಉಣ್ಣೆ ಹಸಿರಾಯಿತು. ಎಷ್ಟು ತೊಳೆದರೂ ಬಣ್ಣ ಬಿಡಲಿಲ್ಲ. ಪಶುವೈದ್ಯೆ ಆಯ್ಚುರೆಕ್ ನೋಡಿ ನಕ್ಕಳು.

"ಉಣ್ಣೆ ತಾಮ್ರನ ಹಿಡ್ಕೊಂಡಿದೆ ಅಪಾ. ಬರೀ ನೀರಿಗೆ ಬಿಡಲ್ಲ, ಉಪ್ಪುಪ್ಪು ಬೆವರು ತಾಗಿದ್ರೆ ಬಿಡುತ್ತೆ. ತೊಟ್ಟಿ ಕಟ್ಟಿ ಸುಣ್ಣ ಹಾಕಿದ್ರೆ ತಾಮ್ರ ತಳಕ್ಕೆ ಕೂರುತ್ತೆ. ಉಳಿದಿದ್ದನ್ನ ಉಣ್ಣೆ ಮೂಟೆ ಹೀರುತ್ತೆ. ಆದ್ರೆ ಎಸೆನ್‌ಬೆಕ್ ಕಟ್ಟಿಸ್ಬೇಕಲ್ಲ?"

"ಕಟ್ಟಿಸ್ತಾನೆ," ಎಂದಳು ಅಜ್ಜಿ.

ಎಸೆನ್‌ಬೆಕ್‌ನ ಐವತ್ತನೇ ಹುಟ್ಟುಹಬ್ಬದ ಔತಣಕ್ಕೆ ಊರೇ ಸೇರಿತ್ತು. ಅಜ್ಜಿ ಎಲ್ಲರೆದುರು ಅವನ ಬೋಳುತಲೆಗೆ ಹಸಿರು ಕಲ್ಪಾಕ್ ತೊಡಿಸಿ ಹರಸಿದಳು. ಹಿರಿಯರು ತೊಡಿಸಿದ ಕಲ್ಪಾಕ್ ಟೋಪಿಯನ್ನು ಔತಣ ಮುಗಿಯುವ ಮುನ್ನ ತೆಗೆದರೆ ನಮ್ಮಲ್ಲಿ ಮಾನ ಮೂರು ಕಾಸಿಗೆ ಹೋದಂತೆ. ಎಸೆನ್‌ಬೆಕ್ ಉಬ್ಬಿಹೋದ.

ನಡುಮಧ್ಯಾಹ್ನದ ಬಿಸಿಲು, ಮೂರು ಬಟ್ಟಲು ಬಿಸಿ ಮಾಂಸದ ಸಾರು. ಬೆವರು ಕಿತ್ತುಕೊಂಡು ಬಂತು. ಹಣೆಯಿಂದ ಹಸಿರು ಧಾರೆಯೊಂದು ಮೂಗಿನ ತುದಿಗಿಳಿದು ಸಾರಿಗೆ ತೊಟ್ಟಿಕ್ಕಿತು.

"ಅಪಾ, ಏನಿದು?"

"ನಿಂದೇ ಮಾಲು ಕಣೋ! ನಿನ್ನ ಕನ್ನಡಿ ನೀರಲ್ಲಿ ನೆನೆದ ಉಣ್ಣೆ. ಇಷ್ಟು ದಿನ ಊರಿಗೆಲ್ಲ ನೀನು ಟೋಪಿ ಹಾಕ್ದೆ, ಒಂದಿನ ನಾನು ಹಾಕ್ಬಾರ್ದಾ?"

ಅವನ ಕೈ ಟೋಪಿಯತ್ತ ಹೋಯಿತು. ಹಿರಿಯರೆಲ್ಲ ಒಟ್ಟಿಗೆ ಕೆಮ್ಮಿದರು. ಕೈ ಕೆಳಗಿಳಿಯಿತು.

"ತೊಟ್ಟಿ ಯಾವಾಗ ಕಟ್ಟಿಸ್ತೀಯ?"

"ನಾಳೆ ಅಪಾ, ನಾಳೇನೇ!"

ಹಣೆಯ ಹಸಿರು ಹೋಗಲು ಹದಿನೈದು ದಿನ ಬೇಕಾಯಿತು. ಅಷ್ಟರಲ್ಲಿ ತೊಟ್ಟಿ ಎದ್ದಿತ್ತು. ಆಯ್ಚುರೆಕ್ ನೀರು ಪರೀಕ್ಷಿಸಿ ತಲೆಯಾಡಿಸಿದ ಮೇಲೆಯೇ ಅಜ್ಜಿ ಮರಿಗಳನ್ನು ಕಾಲುವೆಯ ನೀರು ಕುಡಿಯಲು ಬಿಟ್ಟಳು. ಸಂಜೆ ಎಣಿಸಿದಳು, ಆರು. ಮರುದಿನವೂ ಆರು. ಅಂದು ಯಾರನ್ನೂ ಬೈಯದೆ, ಮರಿಯೊಂದನ್ನು ಅಪ್ಪಿಕೊಂಡು ಅತ್ತುಬಿಟ್ಟಳು.

ಅದೂ ಒಂದೇ ದಿನ. ಈಗಲೂ ವಾರಕ್ಕೊಮ್ಮೆ ಕಾರ್ಖಾನೆಯ ಮುಂದೆ ಅವಳ ದನಿ ಮೊಳಗುತ್ತದೆ: "ಲೋ ಎಸೆನ್‌ಬೆಕ್! ಉಣ್ಣೆ ಮೂಟೆ ಬದಲಾಯಿಸಿದ್ಯೇನೋ?"

"ಬದಲಾಯಿಸ್ದೆ ಅಪಾ!" ಎನ್ನುತ್ತಾನೆ ಅವನು, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು.