ಹಸಿರಿಗಾಗಿ ನುಂಗಿದ ಮಾತ್ರೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ವಯಸ್ಸು ನಲವತ್ತೆಂಟು; ಆ ಮಹಡಿಯಲ್ಲಿ ಕೋಡ್ ಬರೆಯುವವರಲ್ಲಿ ಅವಳೇ ಹಿರಿಯಳು. ಹಳೆಯ ಪ್ರೋಗ್ರಾಮಿನಲ್ಲಿ ಏನಾದರೂ ಕೆಟ್ಟರೆ ಹುಡುಕಲು ಅವಳೇ ಬೇಕಿತ್ತು. ತಪ್ಪು ಇನ್ನೇನು ಸಿಕ್ಕಿತು ಎನ್ನುವಾಗ ಅವಳ ಕೆನ್ನೆ ಬಿಸಿಯಾಗಿ ಎದೆ ಡವಡವ ಎನ್ನುತ್ತಿತ್ತು. ಬದುಕಿನಲ್ಲಿ ಅವಳಿಗಿದ್ದ ದೊಡ್ಡ ಸುಖ ಅದು.

ಒಂದು ಸೋಮವಾರ ಮ್ಯಾನೇಜರ್ ಎಲ್ಲರ ಮಣಿಕಟ್ಟಿಗೂ ಕಪ್ಪು ಪಟ್ಟಿ ಕಟ್ಟಿಸಿದ. ನಾಡಿ, ಬೆವರು ನೋಡಿ ಅದು ಮನಸ್ಸಿನ ಸ್ಥಿತಿ ಹೇಳುತ್ತದಂತೆ. ನೆಮ್ಮದಿಯಿದ್ದರೆ ಕಂಪ್ಯೂಟರ್ ಪರದೆಯಲ್ಲಿ ಹಸಿರು, ಒತ್ತಡವಿದ್ದರೆ ಕೆಂಪು. ಮೂರು ವಾರ ದೊಡ್ಡಮ್ಮನ ಹೆಸರಿನ ಮುಂದೆ ಕೆಂಪೇ.

"ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಕಷ್ಟದ ಕೆಲ್ಸ ಬೇರೆಯವ್ರು ಮಾಡ್ಲಿ," ಎಂದ ಮ್ಯಾನೇಜರ್.

"ಕಷ್ಟ ಅಲ್ಲ ಸರ್, ಎದೆ ಖುಷಿಗೆ ಹೊಡ್ಕೊಳ್ಳೋದು."

"ಖುಷಿ ಯಾವ್ದು, ಒತ್ತಡ ಯಾವ್ದು ಅಂತ ಗೊತ್ತಾಗ್ಲಿ ಅಂತ್ಲೇ ಇದನ್ನ ತಂದಿರೋದು."

ಅವಳಿಗೆ ಕೈಪಿಡಿ ತಿದ್ದುವ ಕೆಲಸ ಬಂತು. ಹಿಂದಿನ ವರ್ಷ ಆ ಕುರ್ಚಿಗೆ ಹೋದ ಇಬ್ಬರೂ ಆರೇ ತಿಂಗಳಲ್ಲಿ ಕೆಲಸ ಕಳೆದುಕೊಂಡು ಮನೆ ಸೇರಿದ್ದರು.

ಮನೆಯಲ್ಲಿ ಅವಳೂ ಅಣ್ಣನೂ ಇಬ್ಬರೇ. ಬಸ್ ಓಡಿಸಿ ನಿವೃತ್ತನಾದ ಅಣ್ಣ ಎದೆಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದ. ಅವಳು ದಿನಾ ಬೆಳಿಗ್ಗೆ ಅದರಲ್ಲೊಂದನ್ನು ಕದ್ದು ನುಂಗತೊಡಗಿದಳು. ಪರದೆ ಹಸಿರಾಯಿತು, ಹಳೆಯ ಕೆಲಸವೂ ಮರಳಿ ಬಂತು. ಆದರೆ ಈಗ ತಪ್ಪು ಸಿಕ್ಕರೂ ಎದೆ ಮಿಸುಕುತ್ತಿರಲಿಲ್ಲ. ಕೈಕಾಲು ಸದಾ ತಣ್ಣಗೆ.

"ಮಾತ್ರೆ ಬೇಗ ಖಾಲಿಯಾಗ್ತಿದೆಯಲ್ಲೇ," ಎಂದ ಅಣ್ಣ.

"ಅಂಗಡಿಯವ್ನು ಕಮ್ಮಿ ಕೊಟ್ಟಿರ್ಬೇಕು ಬಿಡಣ್ಣ."

ಕಂಪನಿಯ ದೊಡ್ಡ ಸಾಹೇಬರು ಬರುವ ದಿನ, ಪರದೆ ಕೆಂಪಾಗದಿರಲೆಂದು ಅವಳು ಎರಡು ನುಂಗಿದಳು. ಆಫೀಸಿನ ಮೆಟ್ಟಿಲಿಳಿಯುವಾಗ ಕಣ್ಣು ಕತ್ತಲಿಟ್ಟಿತು. ಉರುಳಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಆಸ್ಪತ್ರೆಯಲ್ಲಿ ಅವಳು ಡಾಕ್ಟರಿಗೆ ನಿಜ ಹೇಳಿದಾಗ ಅಣ್ಣ ಬೈಯಲಿಲ್ಲ. "ಕೇಳಿದ್ರೆ ನಾನು ಬೇಡ ಅಂತಿದ್ದೆ. ಅದಕ್ಕೇ ಕೇಳ್ಲಿಲ್ಲ ಅಲ್ವಾ?" ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದ.

ವಿಮೆಗಾಗಿ ಆಸ್ಪತ್ರೆಯ ಕಾಗದ ಆಫೀಸಿಗೆ ಹೋಯಿತು; ಅದರಲ್ಲಿ ಮಾತ್ರೆಯ ವಿಷಯವೂ ಇತ್ತು. ಪಟ್ಟಿಗೆ ಮೋಸ ಮಾಡಿದ ಕಾರಣಕ್ಕೆ ಅವಳನ್ನು ಕೆಲಸದಿಂದ ತೆಗೆದರು.

ಎರಡು ತಿಂಗಳ ಮೇಲೆ ಆಫೀಸಿನ ಪಕ್ಕದ ಮೇಜಿನ ಹುಡುಗಿ ನೋಡಲು ಬಂದಳು. ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಕೇಳಿದಳು: "ಆ ಮಾತ್ರೆ ಹೆಸರೇನು ದೊಡ್ಡಮ್ಮಾ?"

ದೊಡ್ಡಮ್ಮ ಊರುಗೋಲು ಹಿಡಿದು ಎದ್ದು, ಬಾಗಿಲ ತನಕ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಅಷ್ಟಕ್ಕೇ ಏದುಸಿರು ಬಂತು. ಹುಡುಗಿ ತಲೆ ತಗ್ಗಿಸಿ ಹೊರಟಳು. ಹೊರಗೆ ಜಗಲಿಯಲ್ಲಿದ್ದ ಅಣ್ಣನನ್ನು ಅವಳು ಮಾತ್ರೆಯ ಹೆಸರು ಕೇಳುವುದು ಒಳಗೆ ಕೇಳಿಸಿತು.

ಅಣ್ಣ ತಟ್ಟನೆ ಎದ್ದು ಒಳಗೆ ಬಂದು ಕದ ಹಾಕಿಕೊಂಡ.